ಮೈನಸ್ ಒಂದರ ವರ್ಗಮೂಲಕ್ಕಾಗಿ ಒಂದು ಜಗಳ

ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಹಿರಿಯರು ಹೇಳುತ್ತಾರೆ. ನನಗೆ ಸಿಟ್ಟು ಬರುವುದೇ ಸಂಖ್ಯೆಗಳ ವಿಷಯಕ್ಕೆ, ಎಣಿಸಿದಷ್ಟೂ ಏರುತ್ತದೆ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕಲ್ಕತ್ತೆಯ ಕಾಲೇಜೊಂದರಲ್ಲಿ ಕ್ವಾಂಟಮ್ ಸಿದ್ಧಾಂತ ಕಲಿಸುತ್ತಿದ್ದೆ. ಅದರ ಮೂಲ ಸಮೀಕರಣದಲ್ಲೇ ಮೈನಸ್ ಒಂದರ ವರ್ಗಮೂಲ ಬಂದು ಕುಳಿತಿದೆ. ಅದಕ್ಕೆ ಕಾಲ್ಪನಿಕ ಸಂಖ್ಯೆ ಎಂದು ಹೆಸರಿಟ್ಟ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಟ್ರಾಮಿನಿಂದ ಕೆಳಕ್ಕೆ ದಬ್ಬುತ್ತಿದ್ದೆ. ಏಕೆಂದರೆ ಆ ಹೆಸರೊಂದನ್ನೇ ಹಿಡಿದುಕೊಂಡು ನಮ್ಮ ವಿಭಾಗದ ಮುಖ್ಯಸ್ಥರಾದ ಗಾಂಗುಲಿಬಾಬು ಒಂದು ದಿನ ನನ್ನನ್ನು ಕರೆದರು.

"ಶುನುನ್, ರಾವ್ ಮೋಶಾಯ್, ಕೇಳಿ ಇಲ್ಲಿ. ಹುಡುಗರು ಮೊದಲೇ ಪರೀಕ್ಷೆ ಬೇಡ ಅಂತ ಗೋಡೆ ತುಂಬ ಬರೀತಿದ್ದಾರೆ. ಅದರ ಮೇಲೆ ನಿಮ್ಮ ಕಾಲ್ಪನಿಕ ಸಂಖ್ಯೆ ಬೇರೆ ಯಾಕೆ? ಯಾವ ಉಪಕರಣದ ಮುಳ್ಳಾದರೂ ಅದನ್ನು ತೋರಿಸಿದೆಯಾ? ಅದರ ಬದಲು ವಾಸ್ತವ ಸಂಖ್ಯೆಗಳ ಎರಡು ಅಲೆಗಳನ್ನು ಇಟ್ಟುಕೊಂಡು ಕಲಿಸಿಬಿಡಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಒಂದೇ ವಾಸ್ತವ ಅಲೆಯಿದ್ದರೆ ಎಲೆಕ್ಟ್ರಾನು ಎಡಕ್ಕೆ ಹೊರಟಿದೆಯೋ ಬಲಕ್ಕೋ ಹೇಳಲಾಗದು. ಅದನ್ನು ಹೇಳುವುದಕ್ಕೆ ಇವರು ತಂದ ಎರಡನೆಯ ಅಲೆ ಮಾಡುವುದೆಲ್ಲ ಆ ವರ್ಗಮೂಲದ ಕೆಲಸವೇ. ಬಡಪಾಯಿ ಸಂಖ್ಯೆಯನ್ನು ಹೆಸರು ಬದಲಿಸಿ ದುಡಿಸಿಕೊಳ್ಳುವುದು ಯಾವ ನ್ಯಾಯ? "ಹಾಗಾದರೆ ನೀವೇ ಕಲಿಸಿಕೊಳ್ಳಿ" ಎಂದು ಸೀಮೆಸುಣ್ಣವನ್ನು ಅವರ ಮೇಜಿನ ಮೇಲೆ ಕುಕ್ಕಿ ಬಂದೆ. ಆ ಮನುಷ್ಯ ನಿಜಕ್ಕೂ ಕಲಿಸತೊಡಗಿದರು.

ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯ ನಮ್ಮ ಮನೆಯಲ್ಲಿ ಆಮೇಲೆ ಬೇರೆ ಮಾತೇ ಇಲ್ಲ. ಉಡುಪಿ ಕಡೆಯವಳಾದ ನನ್ನ ಹೆಂಡತಿ ಕೇಳಿ ಕೇಳಿ ಬೇಸತ್ತು, "ಎಂತ ಮಾರಾಯ್ರೆ, ಆ ಸಂಖ್ಯೆಗೇ ಬೇಜಾರಿಲ್ಲ, ನಿಮಗೆಂತಕ್ಕೆ? ಪಾಠ ವಾಪಸು ಬೇಕಿದ್ರೆ ಹೋಗಿ ಕೇಳಿ. ಬೇಡದಿದ್ರೆ ಊಟಕ್ಕೆ ಬನ್ನಿ" ಎಂದಳು. ನಾನು ಎರಡನ್ನೂ ಮಾಡಲಿಲ್ಲ. ಸಿಟ್ಟಿಗೆ ಹಸಿವೂ ಸೇರಿಕೊಂಡಿತು.

ಕೆಲವು ದಿನ ಕಳೆದ ಮೇಲೆ ಗಾಂಗುಲಿಬಾಬು ತಾವೇ ನನ್ನ ಕೋಣೆಗೆ ಬಂದರು. "ಸಿಕ್ಕಿಹಾಕಿಕೊಂಡೆ ರಾವ್. ಕಾಲವನ್ನು ಹಿಂದಕ್ಕೆ ಓಡಿಸಿದರೆ ನನ್ನ ಎರಡನೆಯ ಅಲೆ ಮಾತ್ರ ಚಿಹ್ನೆ ಬದಲಿಸಬೇಕಾಗುತ್ತೆ. ಮೊದಲನೆಯದು ಹಾಗೇ ಇರುತ್ತೆ. ಯಾಕೆ ಅಂತ ಹುಡುಗರು ಕೇಳ್ತಿದ್ದಾರೆ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆ ವರ್ಗಮೂಲ ಕಾಲದ ಬೆನ್ನಿಗೆ ಅಂಟಿಕೊಂಡಿದೆ, ಕಾಲದ ದಿಕ್ಕು ತಿರುಗಿಸಿದರೆ ಅದರ ಚಿಹ್ನೆಯನ್ನೂ ತಿರುಗಿಸಲೇಬೇಕು ಎಂದು ಹಲಗೆ ತುಂಬ ಬರೆದು ವಿವರಿಸಿದೆ. ತಂದಿಟ್ಟ ಚಹಾ ತಣ್ಣಗಾಯಿತು. "ಚೊಮೊತ್ಕಾರ್, ಬಹಳ ಸೊಗಸು" ಎಂದು ಅವರು ತಲೆದೂಗಿದರು. "ಪಾಠ ವಾಪಸು ತಗೊಳ್ಳಿ. ನಿಮ್ಮ ವರ್ಗಮೂಲವೂ ಇರಲಿ."

ನಾನು ಅಷ್ಟು ದಿನ ಬಯಸಿದ್ದು ಅದನ್ನೇ. ಆದರೆ ಕುಕ್ಕಿ ಬಂದ ಸೀಮೆಸುಣ್ಣವನ್ನು ಮತ್ತೆ ಕೈಗೆತ್ತಿಕೊಳ್ಳಲು ಜಂಬ ಬಿಡದೆ, ಬಾಯಿಂದ ಬಂದದ್ದು "ಬೇಡ" ಎಂದು.

ಮರುದಿನ ಅವರೇ ಆ ಪಾಠ ಮಾಡಿದರು. ಪಕ್ಕದ ಕೋಣೆಯಲ್ಲಿ ಕುಳಿತು, ಒಂದಾದರೂ ತಪ್ಪು ಮಾಡಲಿ ಎಂದು ಗೋಡೆಗೆ ಕಿವಿಗೊಟ್ಟು ಕಾದೆ. ಮಾಡಲಿಲ್ಲ. ಹುಡುಗರು ಸಂತೋಷದಿಂದ ಬೆಂಚು ಕುಟ್ಟಿದರು. ಇದನ್ನೆಲ್ಲ ಅವರು ತಮ್ಮದೆಂದು ಹೇಳಿಕೊಂಡಿದ್ದರೆ ನಾನು ಜೀವಮಾನವಿಡೀ ನೆಮ್ಮದಿಯಾಗಿ ಸಿಟ್ಟು ಮಾಡಿಕೊಂಡಿರಬಹುದಿತ್ತು. ಆ ಮಹಾನುಭಾವರು ಪಾಠದ ಕೊನೆಗೆ, "ಇದನ್ನು ನನಗೆ ಹೇಳಿಕೊಟ್ಟವರು ರಾವ್" ಎಂದುಬಿಟ್ಟರು. ಅದೊಂದನ್ನು ನಾನು ಇನ್ನೂ ಕ್ಷಮಿಸಿಲ್ಲ.