ಸೋಫಾ ಅಪ್ಪನ ಫೋಟೋ

ಬೆಳಿಗ್ಗೆ ಮೇಕಪ್ ಮುಗಿಯುತ್ತಿದ್ದಂತೆ ಫೋಟೋದವನು ಬಂದ. "ಸಾರ್, ನಿಮ್ದೊಂದು ಫೋಟೋ ಬೇಕಂತೆ. ನೀವೊಬ್ರೇ. ಸ್ವಲ್ಪ ನಗಿ," ಎಂದು ತೆಗೆದುಕೊಂಡು ಹೋದ. ಸೋಫಾ ಅಪ್ಪನ ಎದೆ ಧಸಕ್ಕೆಂದಿತು.

ಅನ್ನದೆ ಏನು ಮಾಡೀತು? ಧಾರಾವಾಹಿಯಲ್ಲಿ ಅಪ್ಪಂದಿರು ಒಬ್ಬರೇ ನಗುವುದು ಗೋಡೆಯ ಮೇಲೆ, ಹಾರ ಹಾಕಿದ ಚೌಕಟ್ಟಿನೊಳಗೆ ಮಾತ್ರ. ಅತ್ತೆಯರಿಗೆ ವಿಷ ಹಾಕಿದರೂ ಮರುದಿನ ಅಷ್ಟೂ ಒಡವೆ ಹೇರಿಕೊಂಡು ಮೆಟ್ಟಿಲಿಳಿದು ಬರುತ್ತಾರೆ. ಅಪ್ಪಂದಿರ ಜೀವಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ನಮ್ಮ ಸೋಫಾ ಅಪ್ಪನಿಗೆ ನಲವತ್ತೆಂಟು, ಮಗನ ಪಾತ್ರದವನಿಗೆ ನಲವತ್ತೈದು, ಆ ಮಗನ ತಾಯಿಗೆ ಮೂವತ್ತಾರು. ಹೇಗೆ ಎಂದು ಕೇಳಬೇಡಿ, ಅಲ್ಲಿ ಯಾರೂ ಕೇಳುವುದಿಲ್ಲ. ತಲೆಗೆ ಬಿಳಿ ಬಳಿಸಿಕೊಂಡು, ಪೇಪರ್ ಹಿಡಿದು ಸೋಫಾದಲ್ಲಿ ಕೂರುವುದು ಇವನ ಕೆಲಸ. ಆರುನೂರು ಕಂತು ಹಾಗೆ ಕೂತಿದ್ದಾನೆ. ಈ ಪಾತ್ರ ಹೋದರೆ ಕೈಯಲ್ಲಿ ಬೇರೆ ಕೆಲಸವಿಲ್ಲ.

"ಒಬ್ರದೇ ಫೋಟೋನಾ?" ಮೇಕಪ್ಪಿನವನು ಲೊಚಗುಟ್ಟಿದ. "ಪಕ್ಕದ ಸೆಟ್ಟಿನ ಮಾವನಿಗೂ ಹೀಗೇ ತೆಗೆದ್ರು ಸಾರ್. ಸಂಜೆಗೆ ಲಾರಿ ಹೊಡೀತು."

"ಲಾರಿ?"

"ಕತೇಲಿ."

ಹೊರಗೆ ಬಡಗಿ ಚೌಕಟ್ಟು ಕೊಯ್ಯುತ್ತಿದ್ದ. "ನಿಮ್ದೇ ಸಾರ್. ಎರಡಡಿ ಸಾಕಲ್ವಾ?" ಎಂದು ಇವನ ಮುಖಕ್ಕೇ ಅಳತೆಪಟ್ಟಿ ಹಿಡಿದ.

ಪರದೆಯ ಹೆಂಡತಿ ಮೊಬೈಲಿನಿಂದ ತಲೆಯೆತ್ತಿ ಗುರ್ರೆಂದಳು. "ಹೋಗೋದಿದ್ರೆ ಒಂದ್ಮಾತು ಹೇಳ್ಬಾರ್ದಾ ರೀ? ಗಂಡ ಸತ್ತ ಮೇಲೆ ನಂಗೆ ಲಿಪ್‌ಸ್ಟಿಕ್ ಕೊಡ್ತಾರಾ ಇವ್ರು?"

"ಅಯ್ಯೋ, ನಾನೆಲ್ಲಿ ಹೋಗ್ತೀನಿ ಅಂದೆ ತಾಯಿ?" ಎನ್ನುತ್ತಲೇ ಅವನು ಕತೆ ಬರೆಯುವವಳ ಕೋಣೆಗೆ ಓಡಿದ.

"ಮೇಡಂ, ನಿಮ್ಮ ದಮ್ಮಯ್ಯ, ನಂಗೇನಾದ್ರೂ ಕೆಲಸ ಕೊಡಿ. ಅಡುಗೆ ಮಾಡ್ತೀನಿ. ಮನೇಲಿ ದಿನಾ ನಾನೇ ಮಾಡೋದು."

"ಅಪ್ಪ ಅಡುಗೆಮನೆಗೆ ಹೋದ್ರೆ ಜನ ಒಪ್ತಾರಾ ಸಾರ್?" ಅವಳು ಟೈಪು ಮಾಡುತ್ತಲೇ ಇದ್ದಳು.

"ಅಳ್ತೀನಿ."

"ಅದಂತೂ ಬೇಡ. ಹೋಗಿ, ಶಾಟ್ ರೆಡಿ ಇದೆ."

ಸೊಸೆಯನ್ನು ಮನೆಯಿಂದ ಆಚೆ ಹಾಕುವ ದೃಶ್ಯ. ಅತ್ತೆ ಬಾಗಿಲು ತೋರಿಸಿದಳು, ಮಗ ಮುಷ್ಟಿ ಬಿಗಿದ. ಇವನು ಎಂದಿನಂತೆ ಸೋಫಾದಲ್ಲಿದ್ದ. ಸಾಯುವುದೇ ಆದರೆ ಎದ್ದು ನಿಂತೇ ಸಾಯೋಣ ಎಂದುಕೊಂಡು ಪೇಪರ್ ಬಿಸಾಡಿ ನೇರ ಅಡುಗೆಮನೆಗೆ ನಡೆದ. ಸೆಟ್ಟಿನ ಅಡುಗೆಮನೆಯಲ್ಲಿ ಏನಿರುತ್ತದೆ ಮಣ್ಣು! ಸಿಕ್ಕಿದ್ದು ಒಂದು ಚಾಕು, ಒಂದು ಪ್ಲಾಸ್ಟಿಕ್ ಸೇಬು. ಅವನ್ನೇ ತಂದು ಸೊಸೆಯ ಪೆಟ್ಟಿಗೆಯ ಪಕ್ಕ ಕುಕ್ಕರಿಸಿದ.

"ಹಸ್ಕೊಂಡು ಹೋಗ್ಬೇಡ ಮಗಳೇ," ಎಂದು ಕತ್ತರಿಸತೊಡಗಿದ. ಚಾಕು ಜಾರಿತು. ಮತ್ತೆ ಜಾರಿತು. ಮನೆಯಲ್ಲಿರುವ ನಿಜವಾದ ಮಕ್ಕಳು ಕಣ್ಮುಂದೆ ಬಂದರು, ಬಿಕ್ಕಿಬಿಕ್ಕಿ ಅತ್ತುಬಿಟ್ಟ.

ನಿರ್ದೇಶಕ ಕಟ್ ಹೇಳುವುದನ್ನೇ ಮರೆತ. ಲೈಟಿನವನು ಮೂಗೊರೆಸಿಕೊಂಡ.

ಅರ್ಧ ಗಂಟೆಗೆ ಕತೆಯವಳು ಫೋನು ಹಿಡಿದು ಓಡಿ ಬಂದಳು. "ಚಾನೆಲ್‌ನವರಿಗೆ ಕಳಿಸಿದ್ವಿ ಸಾರ್, ನೋಡಿ ಅತ್ತೇಬಿಟ್ರಂತೆ!"

"ಹಾಗಾದ್ರೆ ನನ್ನ ಸಾಯಿಸಲ್ವಾ?"

"ಸಾಯಿಸ್ತೀವಿ ಅಂದೋರ್ಯಾರು? ಈ ಅಪ್ಪನೇ ದೊಡ್ಡ ಕಂಪನಿ ಮಾಲೀಕ ಅಂತ ನಾಳೆ ಗೊತ್ತಾಗ್ತಿತ್ತು. ಆ ಫೋಟೋ ಕಂಪನಿ ಬಾಗಿಲಿಗೆ ಹಾಕೋಕೆ. ಮುಂದಿನ ಇನ್ನೂರು ಕಂತು ನಿಮ್ದೇ ಆಗ್ತಿತ್ತು."

"ಆಗ್ತಿತ್ತು ಅಂದ್ರೆ?"

"ಸೇಬು ಹಿಡ್ಕೊಂಡು ಅಳೋ ಗಂಡಸು ಕಂಪನಿ ನಡೆಸಿದ್ರೆ ಯಾರು ನಂಬ್ತಾರೆ? ಕಂಪನಿ ಮಗನಿಗೆ ಕೊಟ್ವಿ. ಆದ್ರೆ ಆ ಅಳು ಮಾತ್ರ ಬಿಡ್ಬೇಡಿ, ಹೆಂಗಸಿಗೆ ಕೊಡಿ ಅಂದ್ರು ಚಾನೆಲ್‌ನವರು. ಅದಕ್ಕೇ ಕತೇಲಿ ನಿಮ್ಮಕ್ಕನ್ನ ಕರೆಸ್ತಿದ್ದೀವಿ. ಇಪ್ಪತ್ತೊಂಬತ್ತು ವರ್ಷ, ತುಂಬಾ ಚೆನ್ನಾಗಿ ಅಳ್ತಾರೆ."

"ಮತ್ತೆ ನಾನು?"

"ನೀವು ಬದುಕಿರ್ತೀರಿ, ದೇವ್ರಾಣೆಗೂ! ಅಷ್ಟೊಂದು ಅತ್ರಲ್ಲ, ಹೃದಯಕ್ಕೆ ಹೊಡೆತ ಬಿದ್ದು ಕೋಮಾ."

ಸಂಜೆ ನಾಲ್ಕಕ್ಕೆ ಅವನನ್ನು ಮಂಚದ ಮೇಲೆ ಮಲಗಿಸಿ ಮೂಗಿಗೆ ನಳಿಕೆ ಸಿಕ್ಕಿಸಿದರು. ಅಕ್ಕ ಬಂದು ಎದೆಯ ಮೇಲೆ ಬಿದ್ದು ಗೋಳಾಡಿದಳು. ಹೇಳಿದಂತೆ ಚೆನ್ನಾಗಿಯೇ ಅಳುತ್ತಿದ್ದಳು. ಹೊಟ್ಟೆ ಉರಿದು, ಇವನ ಮುಚ್ಚಿದ ಕಣ್ಣಂಚಿನಿಂದಲೂ ಒಂದು ಹನಿ ಜಾರಿತು.

"ಕಟ್! ಕಟ್!" ನಿರ್ದೇಶಕ ಹಾರಿ ಬಂದ. "ಏನ್ ಸಾರ್ ನೀವು, ಅವರ ಕೆಲಸಾನೂ ನೀವೇ ಮಾಡ್ತೀರಲ್ಲ!"