ಪಟ್ಟೆ ಅಂಗಿ ತೊಟ್ಟ ದಾಳಿಂಬೆ

ಕಾಯಿಲೆಯವರನ್ನು ಕಂಡರೆ ಹಿಗ್ಗುವವರು ಡಾಕ್ಟರುಗಳು ಮಾತ್ರ ಎಂದು ತಿಳಿದಿದ್ದೀರಾ, ಮಕ್ಕಳೇ? ಹಾಗಾದರೆ ನಮ್ಮ ವಠಾರದ ಒಡತಿಯ ವಿಷಯ ನಿಮಗೆ ಹೇಳಲೇಬೇಕು. ಯಾರಾದರೂ ಕೆಮ್ಮಿದರೆ ಸಾಕು, ಅವರ ಮುಖ ಹಬ್ಬದ ಹಾಗೆ ಅರಳುತ್ತಿತ್ತು!

ಇದು ಎಪ್ಪತ್ತರ ದಶಕದ ಚಾಮರಾಜಪೇಟೆ. ಮದುವೆಯಾಗಿ ಹಳ್ಳಿಯಿಂದ ಬಂದ ನಾನು ಏಳನೇ ತರಗತಿ ಓದಿದವಳು, ಮಾತಿಗೆ ಮೊದಲೇ ನಾಚುವವಳು. ನಾವಿದ್ದದ್ದು ಹಿಂದಿನ ಸಾಲಿನ ಎರಡು ಕೋಣೆಗಳಲ್ಲಿ. ಮುಂದಿನ ದೊಡ್ಡ ಮನೆಯಲ್ಲಿ ಒಡತಿ ಒಬ್ಬರೇ. ಮಕ್ಕಳಿಲ್ಲ, ಯಜಮಾನರು ಹೋಗಿ ಯಾವ ಕಾಲವಾಗಿತ್ತೋ. ಎಲ್ಲರಿಗೂ ಅವರು ‘ದೊಡ್ಡಮ್ಮ’. ಅಂಗಳದ ನಡುವೆ ಒಂದು ದಾಳಿಂಬೆ ಗಿಡ. ದೊಡ್ಡಮ್ಮನ ಪಾಲಿಗೆ ಅದು ಗಿಡವಲ್ಲ, ಆಸ್ಪತ್ರೆ!

ರಕ್ತ ಕಡಿಮೆಯಾದರೆ ಹಣ್ಣು, ಹೊಟ್ಟೆ ಕೆಟ್ಟರೆ ಒಣ ಸಿಪ್ಪೆಯ ಕಷಾಯ, ಬಾಯಿ ಹುಣ್ಣಾದರೆ ಚಿಗುರು. ನಿಯಮ ಒಂದೇ: ಆರೋಗ್ಯವಾಗಿರುವವರಿಗೆ ಒಂದು ಕಾಳೂ ಇಲ್ಲ. ಆ ನಿಯಮಕ್ಕೆ ಅವರೇ ಮೊದಲು ತಲೆಬಾಗಿದ್ದರು. “ನೀವೂ ಸ್ವಲ್ಪ ತಿನ್ನಿ ದೊಡ್ಡಮ್ಮ” ಅಂದರೆ, “ನನಗೇನು ರೋಗ? ಗುಂಡುಕಲ್ಲಿನ ಹಾಗಿದೀನಿ” ಎನ್ನುತ್ತಿದ್ದರು.

ಒಂದು ದಿನ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ಸಿಕ್ಕಿಬಿದ್ದ. ದೊಡ್ಡಮ್ಮ ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

“ಅಯ್ಯೋ, ರಕ್ತವೇ ಇಲ್ವಲ್ಲೋ! ಕೂತ್ಕೋ.”

“ಅಮ್ಮಾ, ಇನ್ನೂ ಮೂರು ಬೀದಿಗೆ ಕಾಗದ ಹಂಚ್ಬೇಕು.”

“ರಕ್ತ ಇಲ್ದೆ ಹೇಗಪ್ಪಾ ಹಂಚ್ತೀಯಾ?”

ಹಣ್ಣು ಬಿಡಿಸಿ, ಬಟ್ಟಲಿಗೆ ಹಾಕಿ, ಅವನ ಊರು, ಹೆಂಡತಿ, ಎಮ್ಮೆಯವರೆಗೆ ವಿಚಾರಿಸಿ ಕಳಿಸುವಷ್ಟರಲ್ಲಿ ಸಂಜೆಯಾಗಿತ್ತು. ಮೂರು ಬೀದಿಯ ಕಾಗದ ಮಾರನೇ ದಿನ ತಲುಪಿತು!

ನಿಮ್ಮ ತಾತನಿಗೆ ಆ ಹಣ್ಣಿನ ಮೇಲೆ ಬಹಳ ದಿನದಿಂದ ಕಣ್ಣು. ಒಂದು ಭಾನುವಾರ ಹೊಟ್ಟೆ ಹಿಡಿದುಕೊಂಡು, ನರಳುತ್ತಾ ಮುಂದಿನ ಮನೆಗೆ ಹೋದರು. ಹತ್ತು ನಿಮಿಷಕ್ಕೆ ಮುಖ ಕಿವುಚಿಕೊಂಡು ವಾಪಸ್ ಬಂದರು.

“ಹಣ್ಣು ಸಿಕ್ತಾ?”

“ಹೊಟ್ಟೆನೋವಿಗೆ ಹಣ್ಣಲ್ವಂತೆ ಕಣೇ. ಒಂದು ಲೋಟ ಸಿಪ್ಪೆ ಕಷಾಯ ಕುಡಿಸಿದ್ರು. ಮೂರು ದಿನ ಬಾ ಅಂದಿದಾರೆ!”

ಹೋಗದಿದ್ದರೆ ಸುಳ್ಳು ಬಯಲಾಗುತ್ತದಲ್ಲ? ಮೂರು ದಿನವೂ ಹೋದರು. ನಾನು ಅಷ್ಟು ನಕ್ಕಿದ್ದು ಆ ಮನೆಯಲ್ಲಿ ಮತ್ತೆಂದೂ ಇಲ್ಲ.

ಇನ್ನು ದೊಡ್ಡಮ್ಮನ ಚರಿತ್ರೆ ಪಾಠ! ದಾಳಿಂಬೆ ಇರಾನ್ ದೇಶದಿಂದ ಒಂಟೆಯ ಮೇಲೆ ಬಂತಂತೆ. ಹಿಂದೆ ತಾಯತದ ಯಂತ್ರ ಬರೆಯುವವರು ದಾಳಿಂಬೆ ಕಡ್ಡಿಯನ್ನೇ ಲೇಖನಿ ಮಾಡಿಕೊಳ್ಳುತ್ತಿದ್ದರಂತೆ. ದೇವಿಯ ಮೈಬಣ್ಣ ದಾಳಿಂಬೆ ಹೂವಿನದಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಪ್ಪಬಹುದಿತ್ತು. ತಮ್ಮ ಮನೆಯ ಪಟದಲ್ಲಿ ಗಣಪತಿಯ ಕೈಯಲ್ಲಿರುವುದೂ ದಾಳಿಂಬೆಯೇ ಎಂದುಬಿಟ್ಟರು. ವಠಾರದಲ್ಲೇ ಇದ್ದ ನಿವೃತ್ತ ಮೇಷ್ಟ್ರು ಸುಮ್ಮನಿರುತ್ತಾರೆಯೇ?

“ಅದು ಕಡುಬು ಕಣಮ್ಮಾ.”

“ಕಡುಬಿಗೆ ಕಿರೀಟ ಇರುತ್ತೇನ್ರೀ ಮೇಷ್ಟ್ರೇ?”

“ಅದು ಕಡುಬಿನ ಜುಟ್ಟು!”

ಒಂದು ವಾರ ಇಬ್ಬರಿಗೂ ಮಾತಿಲ್ಲ. ಎಂಟನೇ ದಿನ ಮೇಷ್ಟ್ರಿಗೆ ಶೀತವಾಯಿತು. ದೊಡ್ಡಮ್ಮ ಬಟ್ಟಲು ಹಿಡಿದುಕೊಂಡು ಓಡಿದರು.

ಅಳಿಲಿನ ಕಾಟಕ್ಕೆ ಅವರು ಪ್ರತಿ ಕಾಯಿಗೂ ಹಳೇ ಬಟ್ಟೆಯ ಚೀಲ ಹೊಲಿದು ಕಟ್ಟುತ್ತಿದ್ದರು. ಬಟ್ಟೆಯೆಲ್ಲ ವಠಾರದವರದೇ. ಒಬ್ಬರ ರವಿಕೆ, ಇನ್ನೊಬ್ಬರ ಪಂಚೆ, ಮೇಷ್ಟ್ರ ಟವೆಲ್ಲು. ವಠಾರಕ್ಕೆ ವಠಾರವೇ ಗಿಡದ ಮೇಲೆ ನೇತಾಡುತ್ತಿತ್ತು!

ನಿಮ್ಮಪ್ಪ ಹುಟ್ಟಿ ಸ್ಕೂಲು ಸೇರಿದ ಮೇಲೆ ಒಂದು ದಿನ ನಿಮ್ಮ ತಾತ ಹೋದರು. ಕಚೇರಿಗೆಂದು ಹೋದವರು ಮನೆಗೆ ನಡೆದು ಬರಲಿಲ್ಲ. ಕರ್ಮಗಳೆಲ್ಲ ಮುಗಿದು ನೆಂಟರು ಊರಿಗೆ ಹೊರಟರು. ನಿಮ್ಮಪ್ಪ ಸ್ಕೂಲಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಸಂಜೆ ಅವನು ಬಂದು ಕರೆದಾಗ ಓಗೊಡಲು ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ಬೆಳಗಿನಿಂದ ಅದಕ್ಕೆ ಕೆಲಸವೇ ಇರಲಿಲ್ಲವಲ್ಲ.

ಅಂಥ ಒಂದು ದಿನ ದೊಡ್ಡಮ್ಮ ಬಾಗಿಲು ತಟ್ಟಿದರು. ಸಮಾಧಾನದ ಮಾತೇನೂ ಇಲ್ಲ.

“ನಿನ್ನ ಗಂಡನ ಹಳೇ ಅಂಗಿ ಒಂದು ಕೊಡಮ್ಮ.”

ಇಲ್ಲವೆನ್ನಲು ನನಗೆ ಬಾಯಿ ಎಲ್ಲಿತ್ತು? ನೀಲಿ ಪಟ್ಟೆಯ ಅಂಗಿ ಕೊಟ್ಟು, ಬಾಗಿಲು ಹಾಕಿಕೊಂಡು ಅತ್ತೆ. ಎಂಥ ಕಲ್ಲು ಮನಸ್ಸು ಅಂದುಕೊಂಡೆ.

ವಾರ ಕಳೆದು ಕರೆದರು. ಗಿಡದ ತುಂಬ ನೀಲಿ ಪಟ್ಟೆಯ ಚೀಲಗಳು! ಒಂದರ ಮೇಲೆ ಜೇಬು ಹಾಗೇ ಇತ್ತು, ಪೆನ್ನು ಸೋರಿದ ಮಸಿಯ ಕಲೆಯ ಸಮೇತ.

“ಮೇಲೆ ನೋಡಿದ್ರೆ ನನಗೆ ತಲೆ ಸುತ್ತುತ್ತೆ. ದಿನಾ ಬಂದು ಗಂಟು ಸರಿಯಾಗಿದ್ಯಾ ನೋಡ್ಬಿಟ್ಟು ಹೋಗು.”

ದಿನವೂ ಹೋದೆ. ಮೊದಲು ಬರೀ “ಸರಿ ಇದೆ” ಅನ್ನುತ್ತಿದ್ದೆ. ಆಮೇಲೆ ಅಳಿಲನ್ನು ಬೈಯತೊಡಗಿದೆ. ಆಮೇಲೆ, ನಗಬೇಡಿ, ಆ ಜೇಬಿನ ಚೀಲಕ್ಕೆ “ಮಗ ಲೆಕ್ಕದಲ್ಲಿ ಪಾಸಾದ, ಕೇಳಿದಿರಾ?” ಎಂದೆ. ತಿರುಗಿದರೆ ದೊಡ್ಡಮ್ಮ! ಕೇಳಿಸಿಯೇ ಇಲ್ಲವೆಂಬಂತೆ ತುಳಸಿಗೆ ನೀರು ಹಾಕಿದರು, ಆಗಲೇ ಹಾಕಿ ಆಗಿದ್ದರೂ.

ಆ ಜೇಬಿನ ಚೀಲದ ಹಣ್ಣೇ ಮೊದಲು ಮಾಗಿತು. ಕಿತ್ತು ಅವರ ಕೈಗೆ ಕೊಟ್ಟೆ. ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು.

“ನಿನಗೇನಮ್ಮಾ ಕಾಯಿಲೆ?”

ತಲೆನೋವು ಅನ್ನಬಹುದಿತ್ತು. ಯಾಕೋ ನಿಜವೇ ಬಾಯಿಗೆ ಬಂತು. “ಒಬ್ಬಳೇ ಅನ್ನಿಸುತ್ತೆ ದೊಡ್ಡಮ್ಮ.”

ಅವರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಲಿಲ್ಲ. ಹಣ್ಣನ್ನು ಎರಡು ಹೋಳು ಮಾಡಿದರು. ಒಂದನ್ನು ನನಗೆ ಕೊಟ್ಟು, ಇನ್ನೊಂದರಿಂದ ನಾಲ್ಕು ಕಾಳು ಬಿಡಿಸಿ ತಮ್ಮ ಬಾಯಿಗೇ ಹಾಕಿಕೊಂಡರು.

ನಾನು ನೋಡುತ್ತಲೇ ಇದ್ದೆ.

“ಏನು ನೋಡ್ತೀಯಾ? ತಿನ್ನು. ನಾಳೆನೂ ಬಾ. ಇದು ಒಂದೇ ಹಣ್ಣಿಗೆ ಹೋಗೋ ಕಾಯಿಲೆ ಅಲ್ಲ.”