ಕ್ಯಾಸೆಟ್ಟು ಸುಲಿದ ಕೊಬ್ಬರಿ ಯಂತ್ರ

ಯಾರಪ್ಪಾ ಅದು, ಈ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಮರೆವು ಬಂದಿದೆ ಅಂದದ್ದು? ಎಪ್ಪತ್ತೆಂಟು ತುಂಬಿದೆ, ನಿಜ. ಆದರೆ ಇದು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಖಾರ ಮಂಡಕ್ಕಿ ತಿನ್ನುತ್ತಾ ನಾನೇ ಕಣ್ಣಾರೆ ಕಂಡದ್ದು. ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿದರೆ ಹೆಂಡತಿಯ ಮುಖ ನೋಡುವ ಜನ ನೀವು, ನನ್ನ ನೆನಪಿಗೆ ಮಾರ್ಕು ಹಾಕುತ್ತೀರಾ? ಬಾಯಿ ಮುಚ್ಚಿಕೊಂಡು ಕೇಳಿ.

ಷಡಕ್ಷರಿ ನನ್ನ ಹೆಂಡತಿಯ ತಮ್ಮ. ತಿಪಟೂರಿನಲ್ಲಿ ಟೀವಿ ರಿಪೇರಿ ಮಾಡುತ್ತಿದ್ದವನು. ಊರವರು ಬಿಸಾಕಿದ ವಿಡಿಯೋ ಗೇಮಿನ ಪೆಟ್ಟಿಗೆಗಳು, ಮೂವತ್ತು ವರ್ಷದ ಹಿಂದೆ ಮಕ್ಕಳು ಉಫ್ ಉಫ್ ಎಂದು ಊದಿ ಸಿಕ್ಕಿಸುತ್ತಿದ್ದ ಗೇಮ್ ಕ್ಯಾಸೆಟ್ಟುಗಳು, ಹಳದಿಗಟ್ಟಿದ ಜಾಯ್‌ಸ್ಟಿಕ್ಕುಗಳು, ಎಲ್ಲವನ್ನೂ ತಂದು ಮನೆಯ ದೊಡ್ಡ ಕೋಣೆ ತುಂಬಿದ್ದ. ಅವನ ಹೆಂಡತಿ ಸರ್ವಮಂಗಳಳ ಹೊಲಿಗೆ ಕ್ಲಾಸು ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಒಬ್ಬಳ ಬ್ಲೌಸಿಗೆ ಸಾರಿನ ಒಗ್ಗರಣೆ ಬಿದ್ದ ದಿನ ಅವಳ ತಾಳ್ಮೆ ಮುಗಿಯಿತು.

"ಭಾನುವಾರ ನಿಮ್ ಸಂಗ್ರಾಹಕರ ಸಂಘದ ಅಧ್ಯಕ್ಷರು ಬರ್ತಾರಲ್ಲ? ಇದು ನಿಧಿ ಅಂತ ಅವ್ರು ಹೇಳಿದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಸೋಮವಾರ ಗುಜರಿಯವನು ಬರ್ತಾನೆ, ನನ್ ಮಷೀನುಗಳು ಒಳಗೆ ಬರ್ತವೆ. ಅಣ್ಣ, ನೀವೇ ಸಾಕ್ಷಿ!"

ಷಡಕ್ಷರಿ ಹೆದರಲಿಲ್ಲ. ಶನಿವಾರ ನನ್ನನ್ನು ಕೋಣೆಗೆ ಕರೆದು, ಮೂಲೆಯಲ್ಲಿ ಏನಕ್ಕೋ ಹೊದಿಸಿದ್ದ ಬಟ್ಟೆ ಸರಿಸಿದ. ಒಳಗೆ ಆಳೆತ್ತರದ ಯಂತ್ರ! ಮೂಟೆ ಎತ್ತುವ ಕಬ್ಬಿಣದ ತೋಳು, ಮಿಕ್ಸಿಯ ಮೋಟಾರು, ಕಿವುಡರು ಹಾಕಿಕೊಳ್ಳುವ ಹಿಯರಿಂಗ್ ಏಡು.

"ಹಳೇ ಗೇಮಿಗೆ ತಾನೇ ಬೆಲೆ ಕಟ್ಟೋ ಯಂತ್ರ, ಭಾವ! ಪ್ರಪಂಚದಲ್ಲಿ ಇದೊಂದೇ!"

"ಇದು ಹೋದ ವರ್ಷ ಕೊಬ್ಬರಿ ಮಂಡಿಗೆ ಅಂತ ಮಾಡಿದ್ದಲ್ವೇನೋ?"

"ಹೌದು. ಮಂಡಿ ಗುರುಬಸಪ್ಪನವರ ಜ್ಞಾನ, ಧ್ವನಿ ಎರಡೂ ಇದರೊಳಗಿದೆ. ಅಲ್ಲಾಡಿಸಿ ಕಿವಿಗೊಟ್ರೆ ಸಾಕು, ಕಾಯಿ ಒಣಗಿದೆಯೋ ಇಲ್ವೋ ಹೇಳ್ಬಿಡ್ತಿದ್ರು. ಒಳಗೆ ಗಟಗಟ ಅಂದ್ರೆ ಕೊಬ್ಬರಿ ಆಗಿದೆ, ಸುಲೀಬೇಕು; ಸದ್ದಿಲ್ಲಾಂದ್ರೆ ಹಸಿ, ಒಣಗೋಕೆ ಅಟ್ಟಕ್ಕೆ."

"ಕ್ಯಾಸೆಟ್ಟಿನ ವಿಷಯ ಯಾವಾಗ ಕಲಿಸ್ದೆ?"

"ಬೆಲೆ ಕಟ್ಟೋದು ಅಂದ್ರೆ ಕಟ್ಟೋದೇ ಭಾವ! ಕೊಬ್ಬರಿ ಆದ್ರೇನು, ಕ್ಯಾಸೆಟ್ಟಾದ್ರೇನು? ಎರಡೂ ಹಳೇದಾದಷ್ಟೂ ಬೆಲೆ!"

ತಿಪಟೂರಿನಲ್ಲಿ ಹುಟ್ಟಿದವನಿಗೆ ಮಾತ್ರ ಹೊಳೆಯುವ ತರ್ಕ! ಅವನು ಒಂದು ಒಳ್ಳೆಯ ಕ್ಯಾಸೆಟ್ಟು ಕೊಟ್ಟ. ಯಂತ್ರ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು. ಸದ್ದಿಲ್ಲ.

"ಇನ್ನೂ ಹಸಿ ಐತೆ! ಅಟ್ಟಕ್ಕಾಕಿ, ಹನ್ನೊಂದು ತಿಂಗ್ಳು ಬಿಟ್ಟು ತಗೊಂಬನ್ನಿ!" ಎಂದು ಗುರುಬಸಪ್ಪನ ದನಿಯಲ್ಲಿ ಗದರಿ, ಕ್ಯಾಸೆಟ್ಟನ್ನು ಅಟ್ಟಕ್ಕೆ ಎಸೆಯಿತು.

ಆಮೇಲೆ ಒಳಗೆಲ್ಲ ಕಳಚಿಹೋಗಿದ್ದ ಒಂದು ಗೇಮ್ ಪೆಟ್ಟಿಗೆ ಕೊಟ್ಟ. ಅಲ್ಲಾಡಿಸಿದರೆ ಗಟಗಟ!

"ಆಹಾ, ಎಂಥಾ ಮಾಲು! ಸುಲೀರಿ!"

ಯಾರೂ ಸುಲಿಯಬೇಕಾಗಿರಲಿಲ್ಲ. ಅದೇ ಸುಲಿಯಿತು. ಮುಚ್ಚಳ ಆ ಮೂಲೆಗೆ, ವೈರು ನನ್ನ ಮಂಡಕ್ಕಿಗೆ!

"ಗಾಬರಿಯಾಗ್ಬೇಡಿ ಭಾವ. ಸುಲಿಯೋ ವೈರು ರಾತ್ರಿಯೊಳಗೆ ಕಿತ್ತಾಕ್ತೀನಿ," ಎಂದ.

ಭಾನುವಾರ ಹನ್ನೊಂದಕ್ಕೆ ಮೈಸೂರಿನಿಂದ ಸಂಗ್ರಾಹಕರ ಸಂಘದ ಅಧ್ಯಕ್ಷ ಪದ್ಮಪ್ರಸಾದ್ ಬಂದರು. ಬಿಳಿ ಕೈಗವಸು, ಕೊರಳಲ್ಲಿ ಭೂತಗನ್ನಡಿ. ಡಬ್ಬಿಯ ಮೂಲೆ ಮಡಿಸಿದೆಯೇ, ಬಿಲ್ಲು ಇದೆಯೇ, ಯಾರಾದರೂ ಆಡಿಬಿಟ್ಟಿದ್ದಾರೆಯೇ ಎಂದು ಒಂದೊಂದನ್ನೂ ತನಿಖೆ ಮಾಡಿದರು. ಯಾರೋ ಮಗು ಹೆಸರು ಬರೆದಿದ್ದ ಕ್ಯಾಸೆಟ್ಟು ಕಂಡು ಶವ ಕಂಡವರಂತೆ ಮುಖ ತಿರುಗಿಸಿದರು.

"ನಿಮಗೆ ಯಾವ ಆಟ ಚೆನ್ನಾಗಿ ಬರುತ್ತೆ ಸಾರ್?" ಅಂದೆ.

"ಆಟ? ಛೆ ಛೆ! ನಾನು ಜನ್ಮದಲ್ಲಿ ಆಡಿಲ್ಲ. ಆಡಿದ್ರೆ ಬೆಲೆ ಹೋಗುತ್ತೆ ಕಣ್ರೀ!"

ಆಗ ಷಡಕ್ಷರಿ ಬೀರು ತೆರೆದು ತನ್ನ ಪ್ರಾಣ ಹೊರತೆಗೆದ. ತೊಂಬತ್ತಮೂರರಲ್ಲಿ ಕೊಂಡ ಕ್ಯಾಸೆಟ್ಟು. ಮೇಲಿನ ಪ್ಲಾಸ್ಟಿಕ್ಕು ಹಾಗೇ ಇದೆ. ಮಗಳು ಚಿಕ್ಕವಳಿದ್ದಾಗ ಒಂದೇ ಒಂದು ಸಲ ಆಡುತ್ತೇನೆಂದು ಮೂರು ದಿನ ಅತ್ತರೂ ಬಿಚ್ಚಿರಲಿಲ್ಲ. ಬಿಚ್ಚುವುದಿರಲಿ, ಅಲುಗಾಡಿಸಿಯೂ ಇರಲಿಲ್ಲ, ಪುಣ್ಯಾತ್ಮ!

ಅಧ್ಯಕ್ಷರು ಅದನ್ನು ಮೂಸಿ ನೋಡಿ ಕಣ್ಣೊದ್ದೆ ಮಾಡಿಕೊಂಡರು. "ನೂರಕ್ಕೆ ನೂರು ಅಸಲಿ! ಇದೊಂದು ಸಾಕು. ನಿಧಿ ಅಂತ ಈಗಲೇ ಬರ್ಕೊಡ್ತೀನಿ."

ಸರ್ವಮಂಗಳಳ ಮುಖ ಕಪ್ಪಿಟ್ಟಿತು. ಅಲ್ಲಿಗೆ ನಿಲ್ಲಿಸಿದ್ದರೆ ಕೋಣೆ ಅವನದೇ. ಆದರೆ ಷಡಕ್ಷರಿ ನಿಲ್ಲಿಸುವ ಜಾತಿಯೇ?

"ಅದೇ ಮಾತು ನಮ್ ಯಂತ್ರದ ಬಾಯಲ್ಲೂ ಕೇಳ್ಬಿಡಿ ಸಾರ್!"

"ಬೇಡ ಕಣೋ!" ಎಂದು ನಾನು ಕೂಗುವಷ್ಟರಲ್ಲಿ ಯಂತ್ರ ಕ್ಯಾಸೆಟ್ಟನ್ನು ಅಲ್ಲಾಡಿಸಿಯಾಗಿತ್ತು. ಗಟಗಟ, ಗಟಗಟ!

"ಆಹಾ! ಸುಲೀರಿ!"

ಪ್ಲಾಸ್ಟಿಕ್ಕು ಪರ್ರೆಂದಿತು. ಡಬ್ಬಿ ಹರಿಯಿತು. ಕ್ಯಾಸೆಟ್ಟು ಎರಡು ಹೋಳಾಯಿತು. ಒಳಗಿಂದ ಟಪ್ಪೆಂದು ನೆಲಕ್ಕೆ ಬಿದ್ದದ್ದು, ತೂಕಕ್ಕೆಂದು ಯಾರೋ ತುಂಬಿದ್ದ ಒಂದು ಹೆಂಚಿನ ಚೂರು!

ಷಡಕ್ಷರಿ ಗೋಡೆ ಹಿಡಿದುಕೊಂಡು ಕೂತ. "ಮೂವತ್ತು ವರ್ಷ ಹೆಂಚು ಕಾಯ್ದೆನಾ ಭಾವ?"

"ಅಸಲಿ ಅಂದ್ರಲ್ಲ ಸಾರ್?" ಸರ್ವಮಂಗಳ ಕೇಳಿದಳು.

"ಬಿಚ್ಚೋವರೆಗೂ ಅಸಲಿಯಾಗೇ ಇತ್ತಲ್ಲಮ್ಮ!" ಅಧ್ಯಕ್ಷರು ಸಿಡುಕಿದರು. "ನೀವು ಬಿಚ್ಚಿ ಹಾಳು ಮಾಡಿದ್ರಿ!"

ಯಂತ್ರಕ್ಕೆ ಇನ್ನೂ ಹಸಿವು. ತೋಳು ಚಾಚಿ ಅಧ್ಯಕ್ಷರ ಸೊಂಟ ಹಿಡಿದು ಎತ್ತಿತು!

"ಆಫ್ ಮಾಡೋ!" ಅಂದೆ. ಷಡಕ್ಷರಿ ಕೆಂಪು ಗುಂಡಿ ಹತ್ತು ಸಲ ಒತ್ತಿದ. ಆಗ ತಿಳಿಯಿತು, ರಾತ್ರಿ ಅವನು ಕಿತ್ತದ್ದು ಆ ಗುಂಡಿಯ ವೈರು!

ಯಂತ್ರ ಅಧ್ಯಕ್ಷರ ತಲೆಯನ್ನು ಕಿವಿಗೆ ಆನಿಸಿ ಅಲ್ಲಾಡಿಸಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಚೂರೂ ಸದ್ದಿಲ್ಲ.

"ಪೂರ್ತಿ ಹಸಿ! ಅಟ್ಟಕ್ಕಾಕಿ!"

ಅಧ್ಯಕ್ಷರು ಅಟ್ಟ ಸೇರಿದರು. ಇಳಿಯಲು ಕಾಲು ಬಿಟ್ಟಾಗಲೆಲ್ಲ ಯಂತ್ರ ಹಿಡಿದು, ಇನ್ನೊಮ್ಮೆ ಪರೀಕ್ಷೆ ಮಾಡಿ, "ಇನ್ನೂ ಹಸಿ!" ಎಂದು ವಾಪಸು ಹಾಕುತ್ತಿತ್ತು.

ಯಂತ್ರದ ಪ್ಲಗ್ಗು ಇದ್ದದ್ದು ಬಾಗಿಲ ಪಕ್ಕ. ಸರ್ವಮಂಗಳ ಅದರ ಮೇಲೆ ಕೈಯಿಟ್ಟು ನಿಂತಳು. "ಕೋಣೆ ಯಾರ್ದು?"

"ಎರಡು ನಿಮಿಷ ಯೋಚ್ನೆ ಮಾಡೋಕೆ ಬಿಡೇ."

"ರೀ ಷಡಕ್ಷರಿ, ಒಪ್ಕೊಳ್ರೀ!" ಅಟ್ಟದಿಂದ ಕೂಗು.

"ನೀವು ಆರಾಮಾಗಿ ಕೂತ್ಕೊಳ್ಳಿ ಸಾರ್. ಇದು ಸಂಸಾರದ ವಿಷಯ."

ಅಷ್ಟರಲ್ಲಿ ತೋಳು ಅವನ ಕಡೆಗೇ ತಿರುಗಿತು. "ನಿಂದೇ ಕಣೇ, ನಿಂದೇ!" ಎಂದು ಕಿರುಚಿದ. ಅವಳು ಪ್ಲಗ್ಗು ಕಿತ್ತಳು.

ಸೋಮವಾರ ಗುಜರಿಯವನು ಬಂದ, ತಕ್ಕಡಿ ತಂದ, ಕಿಲೋ ಲೆಕ್ಕದಲ್ಲಿ ತೂಗಿ ಒಯ್ದ. ಅಷ್ಟು ಪ್ರಾಮಾಣಿಕವಾಗಿ ಆ ಕ್ಯಾಸೆಟ್ಟುಗಳಿಗೆ ಬೆಲೆ ಕಟ್ಟಿದವನು ಅವನೊಬ್ಬನೇ. ಈಗ ಕೋಣೆಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ಬ್ಲೌಸು ಹೊಲಿಯುತ್ತಾರೆ. ಅಧ್ಯಕ್ಷರು ಮಾತ್ರ ಇಳಿದು ಧೂಳು ಕೊಡವಿಕೊಂಡವರೇ ಆ ಹೆಂಚಿನ ಚೂರನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿದರು. ತೊಂಬತ್ತಮೂರನೇ ಇಸವಿಯ ನಕಲಿ ಈಗ ಬಲು ಅಪರೂಪವಂತೆ!

ಕೇಳಿದಿರಲ್ಲ, ಇನ್ನು ಈ ವಾಯ್ಸ್ ಮೆಸೇಜನ್ನು ನಾಲ್ಕು ಜನಕ್ಕೆ ಕಳಿಸಿ. ಸಂಗ್ರಾಹಕರು ಯಾರಾದರೂ ಗೊತ್ತಿದ್ದರೆ ಅವರಿಗೆ ಮೊದಲು ಕಳಿಸಿ.